ಪ್ಯಾಪ್-ಎ ಕಡಿಮೆ ಬಂದಾಗ ನಾನು ಮಾಡುವುದು

ಬಸುರಿನ ಆರಂಭದಲ್ಲಿ ಮಾಡುವ ಡಬಲ್ ಮಾರ್ಕರ್ ರಕ್ತಪರೀಕ್ಷೆಯ ವರದಿಯಲ್ಲಿ ಪ್ಯಾಪ್-ಎ 0.38 ಎಂಒಎಂ ಎಂದಿತ್ತು, ಕೆಂಪಕ್ಷರದಲ್ಲಿ. ಚೊಚ್ಚಲ ಬಸುರಿ, ಜೊತೆಗೆ ಗಂಡ, ಅತ್ತೆ. ನಾನು ಬಾಯಿ ಬಿಡುವ ಮೊದಲೇ ಅತ್ತೆ, "ಕೂಸು ನೆಟ್ಟಗಿಲ್ಲೇನ್ರೀ?" ಎಂದು ಕೇಳಿದರು.

ಡಬಲ್ ಮಾರ್ಕರ್ ಎಂದರೆ ನಮ್ಮ ಕಡೆ ಡೌನ್ ಸಿಂಡ್ರೋಮ್ ಪರೀಕ್ಷೆ ಅಂತಲೇ ಲೆಕ್ಕ. ನಾನೂ ಬಹಳ ದಿನ ಹಾಗೇ ನೋಡುತ್ತಿದ್ದೆ. ಆದರೆ ಪ್ಯಾಪ್-ಎ ಮಾಸಿನಿಂದ ಬರುವ ಪ್ರೋಟೀನು. ಮಗು ಬೆಳೆಯಲು ಬೇಕಾದ ಐಜಿಎಫ್ ಎಂಬ ಹಾರ್ಮೋನನ್ನು ಹಿಡಿದಿಟ್ಟಿರುವ ಇನ್ನೊಂದು ಪ್ರೋಟೀನನ್ನು ಕತ್ತರಿಸಿ, ಐಜಿಎಫ್ ಅನ್ನು ಬಿಡಿಸಿಕೊಡುವುದು ಅದರ ಕೆಲಸ. ಅಷ್ಟೇ ವಾರ ತುಂಬಿದ ಬಸುರಿಯರ ಮಧ್ಯಮಟ್ಟವನ್ನು 1 ಎಂದಿಟ್ಟುಕೊಂಡು ಅಳೆಯುತ್ತಾರೆ, ಆ ಅಳತೆಯೇ ಎಂಒಎಂ. 0.4ಕ್ಕಿಂತ ಕೆಳಗಿದ್ದರೆ ಮಾಸು ಸರಿಯಾಗಿ ಬೇರುಬಿಟ್ಟಿಲ್ಲವೇನೋ ಎಂಬ ಗುಮಾನಿ. ಅಂಥವರಲ್ಲಿ ಬಿಪಿ ಏರುವುದು, ಮಗು ಸಣ್ಣದಾಗುವುದು, 37 ವಾರ ತುಂಬುವ ಮೊದಲೇ ಹೆರಿಗೆಯಾಗುವುದು ಉಳಿದವರಿಗಿಂತ ಹೆಚ್ಚು. ಹಾಗಿದ್ದರೂ ಅವರಲ್ಲಿ ಬಹುಪಾಲು ಜನ ದಿನ ತುಂಬಿಯೇ ಹೆರುತ್ತಾರೆ.

ಆ ದಿನ ಲ್ಯಾಬಿಗೆ ಕಳಿಸಿದ್ದ ಫಾರಂ ತೆಗೆದು ನೋಡಿದೆ. ಮುಟ್ಟಿನ ದಿನಾಂಕದ ಪ್ರಕಾರ 13 ವಾರ 2 ದಿನ. ಸ್ಕ್ಯಾನಿನಲ್ಲಿ ಮಗುವಿನ ಉದ್ದ 51 ಮಿಲಿಮೀಟರ್, ಅಂದರೆ 11 ವಾರ 5 ದಿನ. ಆ ಉದ್ದ ಬರೆಯಬೇಕಾದ ಜಾಗ ಖಾಲಿ! ಗಡಿಬಿಡಿಯಲ್ಲಿ ತುಂಬಿದವಳು ನಾನೇ. ಈ ಹಂತದಲ್ಲಿ ಪ್ಯಾಪ್-ಎ ವಾರ ವಾರಕ್ಕೂ ಏರುತ್ತದೆ. ಹನ್ನೊಂದು ದಿನ ಹೆಚ್ಚು ತೋರಿಸಿದರೆ ಸಹಜ ಮಟ್ಟವೂ ಕಡಿಮೆಯಾಗಿ ಕಾಣುತ್ತದೆ. ಲ್ಯಾಬಿಗೆ ಫೋನ್ ಮಾಡಿ ತಿದ್ದಿಸಿದೆ, 0.68 ಬಂತು. ತೂಕದ್ದೂ ಇದೇ ಕಥೆ: 82 ಕಿಲೋ ಇದ್ದವರನ್ನು 52 ಎಂದು ಬರೆದರೆ ವರದಿ ಸುಮ್ಮನೆ ಹೆದರಿಸುತ್ತದೆ. ಅಂದಿನಿಂದ ಕೇಳಿ ಬರೆಯುವುದಿಲ್ಲ, ತಕ್ಕಡಿ ಹತ್ತಿಸುತ್ತೇನೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಬ್ಬಾಕೆಯ ವಿಷಯದಲ್ಲಿ ಆಯಿತು. ಪ್ಯಾಪ್-ಎ 1.1, ನಾನು ನಿಶ್ಚಿಂತೆ. 31ನೇ ವಾರಕ್ಕೆ ನೋವು ಬಂತು. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಜಿಲ್ಲಾ ಕೇಂದ್ರಕ್ಕೆ ಕಳಿಸುವಾಗ ಆಕೆಯ ತಾಯಿ ಹೇಳಿದರು, ಮೊದಲನೆಯದೂ ಎಂಟು ತಿಂಗಳಿಗೇ ಆಗಿತ್ತಂತೆ. ನಾನು ಕೇಳಿರಲಿಲ್ಲ. ಹಿಂದೊಮ್ಮೆ ಬೇಗ ಹೆತ್ತವರಿಗೆ ಮತ್ತೆ ಹಾಗಾಗುವ ಸಂಭವ ಹೆಚ್ಚು, ಇದು ಎಂಬಿಬಿಎಸ್ ಪಾಠ. ಕೇಳಿದ್ದರೆ 20ನೇ ವಾರದ ಹೊತ್ತಿಗೆ ಗರ್ಭಕೊರಳಿನ ಉದ್ದ ಅಳೆಯುತ್ತಿದ್ದೆ, 25 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಪ್ರೊಜೆಸ್ಟರಾನ್ ಹಾರ್ಮೋನು ಶುರು ಮಾಡುತ್ತಿದ್ದೆ. ಮಗು ಉಳಿಯಿತು. ನನ್ನ ಮುಜುಗರ ಇನ್ನೂ ಹೋಗಿಲ್ಲ.

ಪ್ಯಾಪ್-ಎ ನಿಜವಾಗಿಯೂ ಕಡಿಮೆ ಇದ್ದರೆ ಬಿಪಿ ಮೇಲೆ ಕಣ್ಣಿಡುತ್ತೇನೆ, 28 ಮತ್ತು 32ನೇ ವಾರದಲ್ಲಿ ಮಗುವಿನ ಬೆಳವಣಿಗೆ ನೋಡುತ್ತೇನೆ. ಬಿಪಿಯ ಅಪಾಯವೂ ಇರುವವರಿಗೆ 16 ವಾರದೊಳಗೇ ರಾತ್ರಿ ಹೊತ್ತು ಆಸ್ಪಿರಿನ್ ಶುರು. ಆರು ದೇಶಗಳ ಸುಮಾರು 12 ಸಾವಿರ ಚೊಚ್ಚಲ ಬಸುರಿಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಆಸ್ಪಿರಿನ್ ಅಧ್ಯಯನದಲ್ಲಿ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜೂ ಇತ್ತು. ಔಷಧವಿಲ್ಲದ ಗುಳಿಗೆ ತೆಗೆದುಕೊಂಡವರಲ್ಲಿ ಅವಧಿಪೂರ್ವ ಹೆರಿಗೆ ಶೇಕಡ 13.1, ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡವರಲ್ಲಿ 11.6. ಅಲ್ಲಿ ಯಾರನ್ನೂ ಮಾರ್ಕರ್ ನೋಡಿ ಆರಿಸಿರಲಿಲ್ಲ ಎಂಬುದನ್ನು ಕೆಂಪಕ್ಷರ ಕಂಡಾಗಲೆಲ್ಲ ನೆನೆಯುತ್ತೇನೆ.

ಚೀಟಿ ಬರೆದುಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಒಬ್ಬಾಕೆ ತಿಂಗಳ ನಂತರ ಒಡೆಯದ ಸ್ಟ್ರಿಪ್ಪನ್ನೇ ತಂದು ಮೇಜಿನ ಮೇಲಿಟ್ಟಳು. "ಇದು ಹಾರ್ಟಿನ ಗುಳಿಗಿ ಅಂತ್ರೀ, ಮನ್ಯಾಗ ಬ್ಯಾಡಂದ್ರು." ಈಗ ಆಸ್ಪಿರಿನ್ ಬರೆಯುವ ದಿನ ಅತ್ತೆಯನ್ನೂ ಒಳಗೆ ಕರೆಯುತ್ತೇನೆ.