ಕ್ಲಿಕ್ ಬಿಟ್ಟು ಯಕ್ಷಗಾನದ ಹಿಮ್ಮೇಳವನ್ನು ಧ್ವನಿಮುದ್ರಿಸಿದ ನನ್ನ ಅನುಭವ

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲಷ್ಟೇ, ಹಾಡು ಮತ್ತು ವಾದ್ಯಗಳ ಹಿಮ್ಮೇಳದವರು ನಮ್ಮಂಥ ಸಣ್ಣ ಸ್ಟುಡಿಯೋಗಳಿಗೆ ಬಿಡುವಾಗಿ ಸಿಗುತ್ತಾರೆ. ಅದಾಗಿ ಎರಡು ವಾರ ಕಳೆಯುವಷ್ಟರಲ್ಲಿ ಮಳೆ ಹಿಡಿಯುತ್ತದೆ; ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿರುವಾಗ ಮೈಕು ತೆರೆಯುವಂತಿಲ್ಲ, ಥಂಡಿಗೆ ಮದ್ದಳೆಯ ಚರ್ಮದ ಮುಚ್ಚಿಗೆಯೂ ಅರ್ಧ ಗಂಟೆಗೊಮ್ಮೆ ಶ್ರುತಿ ಇಳಿಸುತ್ತದೆ. ಉಡುಪಿ ಬಳಿಯ ಕಟಪಾಡಿಯ ನಮ್ಮ ಹಳೆಯ ಮನೆಯ ಹಿಂದಿನ ಕೋಣೆಯಲ್ಲಿ ನಾನು ಕೆಲಸ ಮಾಡುವುದು ಈ ಎರಡರ ನಡುವೆ ಸಿಗುವ ಹೊತ್ತಿನಲ್ಲಿ. ಭಾಗವತಿಕೆ (ಭಾಗವತರ ಹಾಡುಗಾರಿಕೆ), ಚೆಂಡೆ, ಮದ್ದಳೆ ಮತ್ತು ಚಕ್ರತಾಳಗಳನ್ನು ಒಟ್ಟಿಗೆ ಕೂರಿಸಿ, ಲಯ ಹಿಡಿಯಲು ಕಿವಿಯಲ್ಲಿ ಬಡಿಯುವ ಯಂತ್ರದ ಕ್ಲಿಕ್ ಕೊಡದೆ, ಸ್ವರ ತಿದ್ದುವ ಆಟೋಟ್ಯೂನ್ ಮುಟ್ಟದೆ, ಫೋನಿನಲ್ಲಿ ಕೇಳುವವರಿಗೂ ಹಿಡಿಸುವಂತೆ ಮುದ್ರಿಸುತ್ತೇನೆ ಎಂದಾಗ, ಮಂಗಳೂರಿನ ಇಬ್ಬರು ಹಿರಿಯ ಇಂಜಿನಿಯರುಗಳು ಅದು ಕ್ಯಾಸೆಟ್ಟಿನ ಕಾಲಕ್ಕೇ ಮುಗಿದ ಕತೆ ಎಂದು ನಕ್ಕಿದ್ದರು. ಅವರಲ್ಲಿ ಒಬ್ಬರು ಈ ವರ್ಷ ತಾವಾಗಿಯೇ ಫೋನ್ ಮಾಡಿ, ಭಾಗವತರ ಮುಂದೆ ಯಾವ ಮೈಕು ಇಟ್ಟಿದ್ದೆ ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ, ಮುಂಬಯಿಯಲ್ಲಿ ಹೋಟೆಲು ನಡೆಸುವ ನಮ್ಮೂರಿನವರೊಬ್ಬರು ಆರು ಯಕ್ಷಗಾನ ಪದಗಳ (ಹಾಡುಗಳ) ಮುದ್ರಣಕ್ಕೆ 60 ಸಾವಿರ ರೂಪಾಯಿ ಕೊಡಲು ಒಪ್ಪಿದ್ದರು. ಹಾಡು ಸಿನಿಮಾ ಹಾಡಿನಷ್ಟು ಜೋರಾಗಿರಬೇಕು, ಎರಡೂವರೆ ನಿಮಿಷ ಮೀರಬಾರದು, ಮೊದಲ ಹತ್ತು ಸೆಕೆಂಡಿನಲ್ಲಿಯೇ ಕೇಳುವವರನ್ನು ಹಿಡಿದು ನಿಲ್ಲಿಸಬೇಕು ಎಂಬುದು ಅವರ ಷರತ್ತು. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಎಣಿಕೆಯಾಗುತ್ತದೆ ಎನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಲೆಕ್ಕದಲ್ಲಿ ಆಲಾಪನೆಗೆ ಜಾಗವೇ ಇರಲಿಲ್ಲ.

ಎಲ್ಲರೂ ಮಾಡುವಂತೆಯೇ ನಾನೂ ಮಾಡಿದೆ. ಭಾಗವತರ ಕಿವಿಗೆ ಹೆಡ್‌ಫೋನ್ ಹಾಕಿ, ನಿಮಿಷಕ್ಕೆ 90ರ ಕ್ಲಿಕ್ ಕೊಟ್ಟು, ಸ್ವರವನ್ನು ಮೊದಲು ತೆಗೆದುಕೊಂಡು, ಮದ್ದಳೆಯನ್ನು ಮರುದಿನ, ಚೆಂಡೆಯನ್ನು ಅದರ ಮರುದಿನ ಸೇರಿಸುವ ಯೋಜನೆ. ಮೂರನೆಯ ಪದದ ನಡುವೆ ಭಾಗವತರು ಹೆಡ್‌ಫೋನ್ ತೆಗೆದಿಟ್ಟು, "ಗಡಿಯಾರಕ್ಕೆ ಪದ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ್ರೆ, ಕುಣಿಯುವವರಿಗಾದರೆ ಹೇಳಿಯೇನು" ಎಂದರು. ಹೇಗೋ ಮುಗಿಸಿದೆವು. ಯುದ್ಧದ ಏರು ಪದದಲ್ಲಿ ಲಯವು ತಾನಾಗಿ ಮೇಲೇರಬೇಕಾದ ಕಡೆ ಕ್ಲಿಕ್ ಕಾಲು ಹಿಡಿದು ಎಳೆಯುತ್ತಿತ್ತು. ಚೆಂಡೆಯ ಪೆಟ್ಟುಗಳನ್ನು ನಾನು ಕಂಪ್ಯೂಟರ್ ಪರದೆಯ ಲಯದ ಗೆರೆಗಳಿಗೆ ಸರಿಯಾಗಿ ಕೂರಿಸಿದ ಮೇಲಂತೂ ಅದು ಮದುವೆ ದಿಬ್ಬಣದ ಬ್ಯಾಂಡಿನಂತೆ ಕೇಳಿತು.

ಅದರ ಮೇಲೆ ಸ್ವರ ತಿದ್ದಲು ಹೋದೆ. 1997ರಲ್ಲಿ ಬಂದ ಆಟೋಟ್ಯೂನ್ ಆಗಲಿ, ಅದರ ಹಾದಿಯಲ್ಲಿ ಬಂದ ಉಳಿದವುಗಳಾಗಲಿ, ನಾವು ಮೊದಲಿಗೆ ತೆರೆದಾಗ ಕೊಡುವುದು ಹಾರ್ಮೋನಿಯಂನ ಹನ್ನೆರಡು ಮನೆಗಳನ್ನು. ತೋಡಿ ರಾಗದ ಗಾಂಧಾರವು ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಾಡುತ್ತಲೇ ಇರುವ ಸ್ವರ. ಯಂತ್ರವು ಅದನ್ನು ತಪ್ಪೆಂದು ತಿಳಿದು, ತೂಗುವಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿತು. ತಿದ್ದುವ ವೇಗ ಇಳಿಸಿ ನೋಡಿದೆ, ಕೆಲವು ಮನೆಗಳನ್ನು ಮುಚ್ಚಿ ನೋಡಿದೆ. ಆ ತೂಗುವಿಕೆ, ಅಂದರೆ ಗಮಕ, ಮಂಕಾಯಿತೇ ಹೊರತು ಉಳಿಯಲಿಲ್ಲ. ಗಿರಾಕಿಗೆ ಒಪ್ಪಿಗೆಯಾಗಲಿಲ್ಲ, ಉಳಿದ ಹಣ ಬರಲಿಲ್ಲ. ಸುಮಾರು 25 ಸಾವಿರ ಕೈಯಿಂದ ಹೋಯಿತು. ಆ ಹೊತ್ತಿಗೆ ಸ್ವರ ತಿದ್ದುವ ತಂತ್ರಾಂಶಗಳಿಗೆ ಸುರಿದದ್ದು ಬೇರೆ.

ಎರಡು ಮಳೆಗಾಲಗಳ ನಂತರ ಅದೇ ಭಾಗವತರನ್ನು ಮತ್ತೆ ಕರೆದು, ಈ ಬಾರಿ ನನ್ನದೇ ಖರ್ಚಿನಲ್ಲಿ, ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆ. ಮೊದಲ ದಿನ ಚೆಂಡೆ ಎಲ್ಲವನ್ನೂ ನುಂಗಿತು. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಚೆಂಡೆಯ ಪೆಟ್ಟು ಸ್ವರದ ಮೈಕಿನಲ್ಲಿ ಸ್ವರಕ್ಕಿಂತ ಜೋರಾಗಿ ಬಿದ್ದಿತ್ತು. ಎರಡನೆಯ ದಿನ ನಡುವೆ ದಪ್ಪ ಹಾಸಿಗೆಗಳನ್ನು ನಿಲ್ಲಿಸಿದೆ. ಭಾಗವತರಿಗೆ ಚೆಂಡೆಯವರ ಕೈ ಕಾಣದೆ ಮುಕ್ತಾಯಗಳೆಲ್ಲ ಜಾರಿದವು. ಮೂರನೆಯ ದಿನ ಹಾಸಿಗೆಗಳನ್ನು ತೆಗೆದು, ಎಂಟರ ಆಕಾರದಲ್ಲಿ ಹಿಡಿಯುವ, ಅಂದರೆ ಹಿಂದೆ ಮುಂದೆ ಕೇಳಿ ಬದಿಗಳಲ್ಲಿ ಕಿವುಡಾಗಿರುವ ಮೈಕನ್ನು ಭಾಗವತರ ಮುಂದಿಟ್ಟು, ಅದರ ಕಿವುಡು ಬದಿಯನ್ನು ಚೆಂಡೆಯ ಕಡೆಗೆ ತಿರುಗಿಸಿದೆ. ಸ್ವರದ ಮೈಕಿಗೆ ಚೆಂಡೆಯ ಸೋರಿಕೆ ನಿಲ್ಲಲಿಲ್ಲ, ಆದರೆ ಕೇಳಲು ಹಿತವಾಯಿತು. ಶಬ್ದಕ್ಕೆ ಒಂದು ಮೀಟರ್ ದಾಟಲು ಸುಮಾರು ಮೂರು ಮಿಲಿಸೆಕೆಂಡು ಬೇಕು. ಚೆಂಡೆಯ ಸ್ವಂತ ಮೈಕಿನ ಜಾಡನ್ನು (ಟ್ರ್ಯಾಕನ್ನು) ಆ ಲೆಕ್ಕದಲ್ಲಿ ಹಿಂದೆ ಸರಿಸಿದ ಮೇಲೆ ಸೋರಿಕೆಯೇ ಚೆಂಡೆಗೆ ಮೈ ಕೊಟ್ಟಿತು. ಚೆಂಡೆಯವರನ್ನು ಯಾವ ಮೂಲೆಯಲ್ಲಿ, ಎಷ್ಟು ಎತ್ತರದಲ್ಲಿ ನಿಲ್ಲಿಸಿದೆ ಎನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಹನ್ನೊಂದು ಸಲ ಜಾಗ ಬದಲಿಸಿ ಕಂಡುಕೊಂಡದ್ದು.

ಕ್ಲಿಕ್ ಇಲ್ಲದಿದ್ದರೆ ಆಮೇಲೆ ತಂಬೂರಿ, ಕೊಳಲು ಸೇರಿಸುವುದು ಹೇಗೆ ಎಂದು ಕೇಳಿದವರಿದ್ದಾರೆ. ಭಾಗವತರ ಕೈಯ ಜಾಗಟೆಯ ಪೆಟ್ಟುಗಳನ್ನು ಒಂದೊಂದಾಗಿ ಗುರುತು ಮಾಡಿ, ತಂತ್ರಾಂಶದ ಗೆರೆಗಳನ್ನೇ ಆ ಪೆಟ್ಟುಗಳಿಗೆ ಎಳೆದು ಕೂರಿಸಿದೆ. ಏಳು ನಿಮಿಷದ ಪದಕ್ಕೆ ಒಂದೂವರೆ ದಿನ ಹಿಡಿಯಿತು. ಗಡಿಯಾರ ಭಾಗವತರ ಹಿಂದೆ ನಡೆಯಿತು.

ಜೋರಿನ ಜಗಳ ಉಳಿದಿತ್ತು. ಸ್ಪಾಟಿಫೈ, ಯೂಟ್ಯೂಬ್ ಎರಡೂ ಮೈನಸ್ 14 ಲಫ್ಸ್ (LUFS, ಜೋರಿನ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಆಸುಪಾಸಿಗಿಂತ ಜೋರಾದದ್ದನ್ನು ತಗ್ಗಿಸಿಯೇ ಕೇಳಿಸುತ್ತವೆ ಎನ್ನುವುದು ನಮಗೆಲ್ಲ ಗೊತ್ತು; ಗಿರಾಕಿಗಳಿಗೆ ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ. ಶಬ್ದದ ಏರುಗಳನ್ನು ಅದುಮುವ ಲಿಮಿಟರಿನಲ್ಲಿ ಹಿಂಡಿ ಮೈನಸ್ 8ಕ್ಕೆ ತಂದ ಒಂದು ಪ್ರತಿಯನ್ನೂ, ಹಿಂಡದೆ ಮೈನಸ್ 14ಕ್ಕೆ ಬಿಟ್ಟ ಒಂದು ಪ್ರತಿಯನ್ನೂ ಸಮ ಮಟ್ಟಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಅದೇ ಮುಂಬಯಿಯವರಿಗೆ ಕಳಿಸಿದೆ. ಅವರು ಆರಿಸಿದ್ದು ಹಿಂಡದ ಪ್ರತಿಯನ್ನು. ಚೆಂಡೆ ಎದೆಗೆ ಬಡಿಯುತ್ತದೆ ಎಂದು ಕಾರಣವನ್ನೂ ಕೊಟ್ಟರು. ಮದ್ದಳೆಯ ಎಡದ ನಾದ ಫೋನಿನ ಸಣ್ಣ ಸ್ಪೀಕರಿನಲ್ಲಿ ಹುಟ್ಟುವುದೇ ಇಲ್ಲ. ಅದಕ್ಕೆ ಬೇಸ್ ಏರಿಸುವುದರಿಂದ ಪ್ರಯೋಜನವಿಲ್ಲವಾದ್ದರಿಂದ, ತುಸು ಸ್ಯಾಚುರೇಶನ್ (ನಾದಕ್ಕೆ ಹದವಾದ ಒಡಕು) ಕೊಟ್ಟು ಅದರ ಮೇಲಿನ ಉಪಸ್ವರಗಳನ್ನು ಎಬ್ಬಿಸಿದೆ. ಇಲ್ಲದ ತಳವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಎಷ್ಟು ಕೊಟ್ಟೆ ಎನ್ನುವುದೂ ನನ್ನಲ್ಲಿಯೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ದೇವಸ್ಥಾನದ ಪೌಳಿಯಲ್ಲಿ ರಾತ್ರಿ ಬಲೂನು ಒಡೆದು ಅದರ ಅನುರಣನವನ್ನು (ಗೋಡೆಗಳಿಂದ ಮರಳುವ ದನಿಯನ್ನು) ಹಿಡಿದು ತಂದು ಪದಕ್ಕೆ ಸೇರಿಸಿದೆ. ಮೊದಲ ನಾಲ್ಕು ಬಲೂನುಗಳ ಬಾಲದಲ್ಲಿ ನಾಯಿ ಬೊಗಳಿತ್ತು. ಐದನೆಯದು ಚೆನ್ನಾಗಿಯೇ ಬಂತು. ಆದರೆ ಅದನ್ನು ಕೇಳಿದ ನನ್ನ ಮಾವ, ಬಯಲಾಟ ನಡೆಯುವುದು ಗದ್ದೆಯಲ್ಲಿ, ಗದ್ದೆಗೆ ಎಲ್ಲಿಯ ಗೋಡೆ ಎಂದು ಕೇಳಿದರು. ಅವರ ಕಿವಿಯಲ್ಲಿ ಇದ್ದದ್ದು ದೂರದಿಂದ ಬರುವ ಕೊಂಬು ಸ್ಪೀಕರಿನ ದನಿ. ತೀರ ಮೇಲಿನ, ತೀರ ಕೆಳಗಿನ ನಾದಗಳನ್ನು ಕತ್ತರಿಸಿ ಆ ದನಿಯನ್ನೂ ಮಾಡಿ ನೋಡಿದೆ. ಮಾವನಿಗೆ ಖುಷಿಯಾಯಿತು, ಉಳಿದವರೆಲ್ಲ ಕಡತ ಹಾಳಾಗಿದೆ ಎಂದರು.

ಲೆಕ್ಕ ಹೇಳುವುದಾದರೆ, ಮೈಕು ಮತ್ತು ಶಬ್ದ ಹೀರುವ ರಾಕ್‌ವುಲ್ ಹಲಗೆಗಳಿಗೆ ಹೆಚ್ಚುಕಡಿಮೆ 70 ಸಾವಿರ, ಕಲಾವಿದರಿಗೆ ಮೂರು ದಿನಕ್ಕೆ 36 ಸಾವಿರ. ಸ್ಟ್ರೀಮಿಂಗಿನಿಂದ ಒಂದು ವರ್ಷಕ್ಕೆ ಬಂದದ್ದು 4 ಸಾವಿರವನ್ನೂ ಮುಟ್ಟಲಿಲ್ಲ. ಆದರೆ ಆ ಪದಗಳನ್ನು ಕೇಳಿ ಮೂರು ತಂಡಗಳು ಕೆಲಸ ಕೊಟ್ಟವು, ಮುಂಬಯಿಯವರು ಆರು ಪದಗಳನ್ನೂ ಪೂರ್ಣ ಉದ್ದಕ್ಕೆ ಮತ್ತೆ ಮಾಡಿಸಿ 80 ಸಾವಿರ ಕೊಟ್ಟರು. ರೀಲಿಗೆಂದು 50 ಸೆಕೆಂಡಿನ ತುಂಡುಗಳನ್ನೂ ಕೇಳಿದರು. ಮುಕ್ತಾಯದಲ್ಲಿಯೇ ಕತ್ತರಿಸುತ್ತೇನೆ, ಸಾಹಿತ್ಯದ ನಡುವೆ ಕತ್ತರಿ ಹಾಕುವುದಿಲ್ಲ ಎಂದೆ, ಒಪ್ಪಿದರು. ಆ ಹಣದಲ್ಲಿ ಈಗ ಮಾಡಿನ ಕೆಳಗೆ ಎರಡು ಪದರದ ಜಿಪ್ಸಂ ಹಲಗೆ ಹೊಡೆಸುತ್ತಿದ್ದೇನೆ. ಆಟಿ ತಿಂಗಳ (ಜುಲೈ-ಆಗಸ್ಟಿನ) ಮಳೆಗೆ ಮುಂಚೆ ಮುಗಿಸಿಕೊಡುತ್ತೇನೆ ಎಂದು ಬಡಗಿ ಹೇಳಿದ್ದಾರೆ. ಕಳೆದ ವರ್ಷವೂ ಹಾಗೆಯೇ ಹೇಳಿದ್ದರು.