ಹಸಿ ಹಾಲು, ಸೊಂಟನೋವು ಮತ್ತು ಎಂಆರ್‌ಐ

ವಿಜಯಪುರದಲ್ಲಿ ಸ್ಕ್ಯಾನ್ ಓದುವವನಿಗೆ ಕೊಟ್ಟಿಗೆಯ ಸುದ್ದಿಯೂ ಬೇಕು. ಬಿಟ್ಟು ಬಿಟ್ಟು ಜ್ವರ, ತಿಂಗಳುಗಟ್ಟಲೆ ಸೊಂಟನೋವು ಅಂತ ಇಂಡಿ, ಸಿಂದಗಿ ಕಡೆಯಿಂದ ಬಂದವರನ್ನು ಎಂಆರ್‌ಐಗೆ ಮಲಗಿಸುವ ಮೊದಲು ನಾನೇ ಹೊರಗೆ ಬಂದು ಕೇಳುತ್ತೇನೆ.

"ಯಜಮಾನ್ರ, ಮನ್ಯಾಗ ಆಡು ಕುರಿ ಅದಾವೇನ್ರಿ?"

"ಅದಾವ್ರೀ ಸಾಹೇಬ್ರ."

"ಹಾಲು ಕಾಸಿ ಕುಡೀತೀರೇನು?"

"ಕಾಸಿದ್ರ ಏನ್ ರುಚಿ ಇರ್ತೈತ್ರಿ?"

ಅಲ್ಲಿಗೆ ಬ್ರೂಸೆಲ್ಲಾ ಗುಮಾನಿ ಶುರು; ಸಾಕುಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಾಣು ಅದು. ಹಸಿ ಹಾಲಿನಿಂದ, ಇಲ್ಲವೇ ಕಂದು ಹಾಕಿದ (ಗರ್ಭಪಾತವಾದ) ಆಡಿನ ಮಾಸು ಎತ್ತುವಾಗ ಕೈಗಾಯದಿಂದ ಅದು ರಕ್ತ ಸೇರುತ್ತದೆ. ಡಿಸ್ಕ್‌ಗೆ (ಬೆನ್ನುಮೂಳೆಗಳ ನಡುವಿನ ಮೆತ್ತೆಗೆ) ತಾಗಿದ ಮೂಳೆಯಂಚಿನಲ್ಲಿ ರಕ್ತನಾಳ ದಟ್ಟ, ಅಲ್ಲೇ ಬೀಡುಬಿಡುತ್ತದೆ. ಬೆನ್ನುಮೂಳೆಯಲ್ಲಿ ಇದರ ಜೊತೆ ಗೊಂದಲ ಹುಟ್ಟಿಸುವುದು ಟಿಬಿ. ಅದು ಬರುವುದೂ ರಕ್ತದ ದಾರಿಯಲ್ಲೇ, ಹೆಚ್ಚಾಗಿ ಶ್ವಾಸಕೋಶದಿಂದ.

"ಎಕ್ಸ್‌ರೇ ನಾರ್ಮಲ್ ಐತ್ರಿ" ಅನ್ನುವವರೇ ಜಾಸ್ತಿ. ಸುಣ್ಣದಂಶ ಮೂರರಲ್ಲೊಂದು ಪಾಲಾದರೂ ಕರಗದೆ ಎಕ್ಸ್‌ರೇಗೆ ಕಾಣುವುದಿಲ್ಲ. ಎಂಆರ್‌ಐನಲ್ಲಿ ಮಜ್ಜೆಯ ಬಾವು ಬಹಳ ಮೊದಲೇ ಸಿಗುತ್ತದೆ. ಅದರಲ್ಲಿ ತೆಗೆಯುವ ಎರಡು ಬಗೆಯ ಚಿತ್ರಗಳಲ್ಲಿ, ಟಿ1ರಲ್ಲಿ ಕಪ್ಪು, ಸ್ಟಿರ್‌ನಲ್ಲಿ ಬಿಳುಪು.

ನಂತರ ಜಾಗ ನೋಡುತ್ತೇನೆ. ಟಿಬಿಗೆ ಬೆನ್ನಿನ ಮಧ್ಯಭಾಗ, ಬೆನ್ನು ಸೊಂಟಕ್ಕೆ ಕೂಡುವ ಸಂಧಿ ಇಷ್ಟ. ಮೂಳೆ ಕುಸಿದು ಗೂನು ಬರುತ್ತದೆ, ಡಿಸ್ಕ್ ಮಾತ್ರ ಬಹುಕಾಲ ಉಳಿದಿರುತ್ತದೆ. ತೆಳು ಗೋಡೆಯ ದೊಡ್ಡ ಕೀವುಗಡ್ಡೆ ಬೆನ್ನುಮೂಳೆಯ ಪಕ್ಕದಿಂದ ತೊಡೆಗೆ ಹೋಗುವ ಸೋಸ್ ಸ್ನಾಯುವಿನಗುಂಟ ತೊಡೆಸಂದಿವರೆಗೂ ಇಳಿಯಬಹುದು. ಬ್ರೂಸೆಲ್ಲಾ ಹೆಚ್ಚಾಗಿ ಹಿಡಿಯುವುದು ಸೊಂಟದ ಕೊನೆಯ ಎರಡು ಮೂಳೆ, ಎಲ್4, ಎಲ್5. ಸ್ಕ್ಯಾನ್‌ನಲ್ಲಿ ಮಜ್ಜೆಯೆಲ್ಲ ಬಿಳುಪಾಗಿ ಕಂಡರೂ ಮೂಳೆಯ ಒಟ್ಟು ಆಕಾರ ಸಾಮಾನ್ಯವಾಗಿ ಕೆಡುವುದಿಲ್ಲ, ಕೀವೂ ಕಡಿಮೆ. ಮೂಳೆಯ ಮುಂಭಾಗದ ಮೇಲ್ಮೂಲೆ ಸವೆದು, ಆಮೇಲೆ ಅಲ್ಲಿ ಗಿಳಿಕೊಕ್ಕಿನಂಥ ಹೊಸ ಮೂಳೆ ಬೆಳೆಯುತ್ತದೆ.

ಪುಸ್ತಕದಲ್ಲಿರುವಷ್ಟು ಸ್ವಚ್ಛವಾಗಿ ಯಾವ ಬೆನ್ನೂ ಬರುವುದಿಲ್ಲ ಬಿಡಿ. ಅದಕ್ಕೇ ರಿಪೋರ್ಟಿನಲ್ಲಿ ಎರಡೂ ಹೆಸರು ಬರೆದು, ಬ್ರೂಸೆಲ್ಲಾ ರಕ್ತಪರೀಕ್ಷೆ, ಸಿಟಿ ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿ ತೆಗೆದ ಚೂರಿಗೆ ಸಿಬಿನ್ಯಾಟ್ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಕೇಳುತ್ತೇನೆ. ಟಿಬಿ ಔಷಧ ಶುರು ಮಾಡಿ ನೋಡೋಣ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿರುವ ರಿಫಾಂಪಿಸಿನ್ ಬ್ರೂಸೆಲ್ಲಾಕ್ಕೂ ನಾಟುತ್ತದೆ. ರೋಗಿಗೆ ಅರ್ಧ ಗುಣ ಕಂಡು ಎಲ್ಲರೂ ಟಿಬಿಯೇ ಅಂದುಕೊಳ್ಳುತ್ತಾರೆ. ಬ್ರೂಸೆಲ್ಲಾಕ್ಕೆ ಡಾಕ್ಸಿಸೈಕ್ಲಿನ್ ಜೊತೆಗೆ ಬೇಕು, ಬೆನ್ನುಮೂಳೆಗೆ ಹೋದರೆ ಸಾಮಾನ್ಯವಾಗಿ 3 ತಿಂಗಳು. ಬೆನ್ನುಮೂಳೆ ಟಿಬಿಗೆ ವರ್ಷವಾದರೂ ಬೇಕು.

ರಕ್ತದಲ್ಲಿ ಬ್ರೂಸೆಲ್ಲಾ ಸಿಕ್ಕರೆ ಹೆಂಡತಿ ಮಕ್ಕಳನ್ನೂ ಕರೆಸಿ ಅನ್ನುತ್ತೇನೆ, ಅದೇ ಹಾಲು ಕುಡಿದವರಲ್ಲವೇ. 2019ರಿಂದ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರೂಸೆಲ್ಲಾ ಲಸಿಕೆ ಹಾಕುವ ಕೇಂದ್ರದ ಕಾರ್ಯಕ್ರಮವಿದೆ. ಅದು ಆಕಳು, ಎಮ್ಮೆಯ ಕರುಗಳಿಗೆ. ನಮ್ಮ ಯಜಮಾನರ ಮನೆಯಲ್ಲಿರುವುದು ಆಡು.