ಹುಳದ ಮನೆಯಲ್ಲಿ ಸಿಕ್ಕ ಯೆಜ್ಡಿ

ನಮ್ಮ ಸೋದರಮಾವ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುತ್ತಿದ್ದದ್ದು ಯೆಜ್ಡಿ ಬೈಕಿನಲ್ಲಿ. ಹಿಂದೆ ಎರಡು ಚೀಲ ಗೂಡು, ಮುಂದೆ ಟ್ಯಾಂಕಿನ ಮೇಲೆ ನಾನು. ವಾಪಸ್ ಬರುವಾಗ ಗಾಡಿ ಕೆರೆ ಏರಿ ಹತ್ತಿದ ಸದ್ದು ಕೇಳಿಯೇ ಅಜ್ಜಿ ಮುದ್ದೆಗೆ ಎಸರು ಇಡುತ್ತಿದ್ದರು. ಬೇರೆ ಯಾರ ಗಾಡಿ ಬಂದರೂ ಏಳುತ್ತಿರಲಿಲ್ಲ.

ಆಮೇಲೆ ನಾನು ಓದು, ಕೆಲಸ, ಮದುವೆ ಅಂತ ಚಿಕ್ಕಬಳ್ಳಾಪುರ ಸೇರಿದೆ. ಗೇರಿಲ್ಲದ ಸ್ಕೂಟರಿನಲ್ಲಿ ಆಫೀಸಿಗೆ ಹೋಗಿಬರುತ್ತಿದ್ದೆ. ಇಪ್ಪತ್ತೈದು ವರ್ಷ ಬೈಕಿನ ಯೋಚನೆಯೇ ಬರಲಿಲ್ಲ. ನಲವತ್ತಮೂರನೇ ವಯಸ್ಸಿನಲ್ಲಿ ಮಾವ ರೇಷ್ಮೆಹುಳ ಸಾಕುತ್ತಿದ್ದ ಹಳೇ ಹುಳದ ಮನೆಯ ಶೀಟು ಬದಲಿಸೋಣ ಅಂತ ಊರಿಗೆ ಹೋದಾಗ, ಮುರಿದ ಚಂದ್ರಿಕೆಗಳ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗಳ) ಅಡಿಯಲ್ಲಿ ಅದೇ ಯೆಜ್ಡಿ ಕಂಡಿತು. 1979ರ ಗಾಡಿ. ಒಂದು ಸೈಲೆನ್ಸರಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಸೀಟನ್ನು ಇಲಿ ತಿಂದಿತ್ತು.

"ಗುಜರಿಗೆ ಹಾಕೋಣ ಅಂದ್ಕೊಂಡಿದ್ದೆ. ನಿಂಗೆ ಬೇಕಾದ್ರೆ ತಗೊಂಡೋಗೋ," ಅಂದರು ಮಾವ. ಅಷ್ಟೇ. ನಾನು ಅದನ್ನು ಟಾಟಾ ಏಸ್‌ನಲ್ಲಿ ಹೇರಿಕೊಂಡು ಬಂದೆ. ಮನೆಯಾಕೆ ಗೇಟಿನಲ್ಲಿ ನಿಂತು ನೋಡಿ ಏನೂ ಹೇಳಲಿಲ್ಲ. ಅದು ಇನ್ನೂ ಕಷ್ಟ, ಅಲ್ವಾ?

ಗೊತ್ತಿಲ್ಲದವರಿಗೆ ಒಂದು ಮಾತು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನು ಮಾಡುತ್ತಿತ್ತು. ಮೂಲ ಜೆಕೊಸ್ಲೊವಾಕಿಯಾದ್ದು. 1973ರಿಂದ ಅದೇ ಗಾಡಿ ಯೆಜ್ಡಿ ಅನ್ನೋ ಹೆಸರಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಟೂ-ಸ್ಟ್ರೋಕ್. ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್: ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ತಂದರೆ ಗೇರು. ಮೊದಲ ಸಲ ನೋಡಿದವರು ಕಿಕ್ಕರ್ ಎಲ್ಲಿ ಅಂತ ಬಲಗಡೆ ಹುಡುಕುತ್ತಾರೆ.

ಇಂಜಿನ್ ಹಿಡಿದುಕೊಂಡಿತ್ತು, ತಿರುಗುತ್ತಲೇ ಇರಲಿಲ್ಲ. ಪ್ಲಗ್ ಬಿಚ್ಚಿ ಅದರ ತೂತಿನಲ್ಲಿ ಡೀಸೆಲ್ ಸುರಿದು ಒಂದು ವಾರ ಬಿಟ್ಟೆ. ದಿನಾ ಸಂಜೆ ಆಫೀಸಿಂದ ಬಂದು ಗೇರಿಗೆ ಹಾಕಿ ಹಿಂದೆ ಮುಂದೆ ಅಲ್ಲಾಡಿಸುವುದು. ಎಂಟನೇ ದಿನ ಕೂದಲೆಳೆಯಷ್ಟು ಜರುಗಿತು. ಆ ಖುಷಿಯಲ್ಲಿ ಮಗಳನ್ನು ಕೂಗಿ ಕರೆದೆ. ಅವಳು ಬಂದು ನೋಡಿ, "ಏನಾಯ್ತಪ್ಪ? ಏನೂ ಆಗಿಲ್ವಲ್ಲ," ಅಂದಳು.

ಚಿಂತಾಮಣಿಯಲ್ಲಿ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಭಾಯ್ ಅಂತಾರೆ, ನಾನೂ ಹಾಗೇ. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಬೈಯುತ್ತಾರೆ. ಪಿಸ್ಟನ್ ಓಡಾಡುವ ಬ್ಲಾಕ್ ನೋಡಿ, "ಗೆರೆ ಬಿದ್ದಿದೆ, ಬೋರಿಂಗ್ ಮಾಡಿಸ್ಬೇಕು," ಅಂದರು. ಲೇತ್ ಅಂಗಡಿಯಲ್ಲಿ ಅದರ ಒಳಗನ್ನು ಕೊರೆಸಿ ಸ್ವಲ್ಪ ಅಗಲ ಮಾಡಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದು ಓವರ್‌ಸೈಜ್ ಪಿಸ್ಟನ್ ತಂದೆ. ಬಣ್ಣ, ಕ್ರೋಮ್, ಸೀಟು ಇವೆಲ್ಲ ದುಡ್ಡಿದ್ದರೆ ಆಗುವ ಕೆಲಸ. ಅದರ ಬಗ್ಗೆ ಹೇಳೋದು ಏನಿಲ್ಲ.

ನನ್ನನ್ನು ನಿಜವಾಗಿ ಹಿಡಿದದ್ದು ಪಾಯಿಂಟು. ಬಲಗಡೆಯ ಕವರ್ ಬಿಚ್ಚಿದರೆ ಒಳಗೆ ಬೆರಳುಗುರಿನಷ್ಟು ಎರಡು ಲೋಹದ ತುದಿಗಳು. ಇಂಜಿನ್ ಒಂದು ಸುತ್ತು ತಿರುಗಿದಾಗ ಒಂದು ಸಲ ಅವು ಬಿಡಿಸಿಕೊಳ್ಳುತ್ತವೆ, ಆ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ. ನಡುವಿನ ಸಂದು 0.4 ಮಿ.ಮೀ. ಇರಬೇಕು. ಸರಿಯಾಗಿ ಯಾವಾಗ ಬಿಡುತ್ತವೆ ಅಂತ ತಿಳಿಯೋಕೆ ಭಾಯ್ ಸಿಗರೇಟ್ ಪ್ಯಾಕಿನೊಳಗಿನ ತೆಳು ಕಾಗದದ ಚೂರು ಸಿಕ್ಕಿಸಿ, ಒಂದು ಕೈಯಲ್ಲಿ ಅದನ್ನು ಮೆಲ್ಲಗೆ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಇಂಜಿನ್ ತಿರುಗಿಸಿದರು. ಕಾಗದ ಬಿಗಿಯಾಗಿತ್ತು, ಬಿಗಿಯಾಗಿತ್ತು, ಆಮೇಲೆ ಸುಮ್ನೆ ಜಾರಿ ಬಂತು. "ಅದೇ ಜಾಗ. ನೀವು ಮಾಡಿ," ಅಂದರು. ನಾನು ಮಾಡೋಕೆ ಹೋಗಿ ಕಾಗದ ಹರಿಯಿತು. ಮತ್ತೆ ಹರಿಯಿತು. ಆರನೇ ಸಲ ಜಾರಿತು.

ಚಿಕ್ಕವನಿದ್ದಾಗ ಇಷ್ಟವಾಗಿದ್ದದ್ದು ಆ ಸದ್ದು. ಅದು ಹುಟ್ಟುವ ಜಾಗವನ್ನು ಬೆರಳಲ್ಲಿ ಮುಟ್ಟಿದ್ದು ಅವತ್ತೇ ಮೊದಲು.

ಗಾಡಿ ಸ್ಟಾರ್ಟ್ ಆದ ಮೇಲೆ ಶುರುವಾಯಿತು ನಿಜವಾದ ತಲೆನೋವು. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಶುರು. ಏಳೆಂಟು ಕಿಲೋಮೀಟರ್ ಹೋಗಿ ಬಿಸಿಯಾದರೆ ಮುಗ್ಗರಿಸಿ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಏನೂ ಆಗದ ಹಾಗೆ ಸ್ಟಾರ್ಟ್. ನಾನು ಕಾರ್ಬುರೇಟರ್ ಮೇಲೆ ಅನುಮಾನಪಟ್ಟು ನಾಲ್ಕು ಸಲ ಬಿಚ್ಚಿ ತೊಳೆದೆ. ಜೆಟ್ ಊದಿ ಊದಿ ಬಾಯೆಲ್ಲ ಪೆಟ್ರೋಲ್. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ಒಂದು ಸಂಜೆ ಕತ್ತಲಲ್ಲಿ ಕವರ್ ತೆಗೆದು ಇಂಜಿನ್ ಓಡಿಸಿದಾಗ ಪಾಯಿಂಟಿನಲ್ಲಿ ದಪ್ಪ ಕಿಡಿ ಚಟಪಟ ಅನ್ನುತ್ತಿತ್ತು. ಅಲ್ಲಿ ಅಷ್ಟು ಕಿಡಿ ಬರಬಾರದು. ಆ ಕಿಡಿಯನ್ನು ತಡೆಯಬೇಕಾದ ಕಂಡೆನ್ಸರ್ ಹೋಗಿತ್ತು. ಬಿಸಿಯಾದಾಗ ಕೈಕೊಡುವ ಸಾಮಾನು ಅದು, ಬೆಲೆಯೂ ಏನೂ ಜಾಸ್ತಿ ಇಲ್ಲ. ನೀವು ಹಳೇ ಗಾಡಿ ಎಬ್ಬಿಸುತ್ತಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಕಾರ್ಬುರೇಟರ್ ಮುಟ್ಟಿ.

ಇನ್ನೊಂದು ವಿಷಯ. ಬಿಳಿ ಹೊಗೆ ವಿಪರೀತ ಬಂದು, ಜೊತೆಗೆ ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ನೋಡಿ. ಸೀಲ್ ಸವೆದರೆ ಇಂಜಿನ್ ಆ ಆಯಿಲನ್ನು ಒಳಗೆ ಎಳೆದು ಸುಡುತ್ತದೆ. ನನ್ನದೂ ಸುಟ್ಟಿತ್ತು. ಎದುರುಮನೆಯವರು ಸೊಳ್ಳೆಗೆ ಹೊಗೆ ಹಾಕುತ್ತಿದ್ದೀನಿ ಅಂದುಕೊಂಡಿದ್ದರಂತೆ.

ಈಗ ಪೆಟ್ರೋಲ್ ಹಾಕಿಸುವುದೇ ಒಂದು ನಾಟಕ. ಈ ಟೂ-ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗಬೇಕು, ಅದಕ್ಕೇ ಲೀಟರಿಗೆ 40 ಎಂ.ಎಲ್. ಲೆಕ್ಕದಲ್ಲಿ ಟೂ-ಟಿ ಆಯಿಲ್ ಬೆರೆಸುತ್ತೇನೆ. ಅಳೆಯೋಕೆ ಕೆಮ್ಮಿನ ಔಷಧಿಯ ಮುಚ್ಚಳ. ಬಂಕಿನ ಹುಡುಗ, "ಸಾರ್, ಟ್ಯಾಂಕಿಗೇ ಆಯಿಲ್ ಹಾಕ್ತಿದ್ದೀರಲ್ಲಾ!" ಅಂತ ಕೈ ಹಿಡಿದುಕೊಂಡಿದ್ದ. ಪಾಪ, ಅವನು ಹುಟ್ಟುವಷ್ಟರಲ್ಲಿ ಈ ಗಾಡಿಗಳು ಮೂಲೆ ಸೇರಿದ್ದವು.

ಕಾಗದಪತ್ರದ ಕಥೆ ಚಿಕ್ಕದಾಗಿ ಹೇಳುತ್ತೇನೆ, ನೆನೆಸಿಕೊಂಡರೆ ಬಿ.ಪಿ. ಏರುತ್ತದೆ. ಆರ್.ಸಿ. ಅವಧಿ ಎಂದೋ ಮುಗಿದಿತ್ತು. ಮಾವನ ಹೆಸರಿನಿಂದ ನನ್ನ ಹೆಸರಿಗೆ ಬರೆಸಿ, ನವೀಕರಿಸಿ, ಇನ್ಶೂರೆನ್ಸ್ ಮಾಡಿಸುವಷ್ಟರಲ್ಲಿ ರಜೆಗಳೆಲ್ಲ ಖಾಲಿ. ನವೀಕರಣ ಐದು ವರ್ಷಕ್ಕೆ ಮಾತ್ರ. ಸ್ನೇಹಿತರು "ವಿಂಟೇಜ್ ಅಂತ ಮಾಡಿಸು" ಅಂದರು. 2021ರಲ್ಲಿ ಬಂದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳೋಕೆ ಗಾಡಿಗೆ 50 ವರ್ಷ ದಾಟಿರಬೇಕು. ಹಾಗೆ ನೋಂದಾಯಿಸಿದರೆ ದಿನಾ ಓಡಿಸುವ ಹಾಗೂ ಇಲ್ಲ, ಪ್ರದರ್ಶನ, ರ್‍ಯಾಲಿ ಅಂತಷ್ಟೇ. ನನ್ನದಕ್ಕೆ ಆಗಿನ್ನೂ ಅಷ್ಟು ವಯಸ್ಸಾಗಿರಲಿಲ್ಲ. ಒಳ್ಳೆಯದೇ ಆಯಿತು. ತರಕಾರಿ ತರೋಕೂ ಅದರಲ್ಲೇ ಹೋಗುತ್ತೇನೆ.

ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಊರಿಗೆ ಹೊರಟೆ. ಆರು ವೋಲ್ಟಿನ ಲೈಟು ಹರಳೆಣ್ಣೆ ದೀಪದ ಹಾಗೆ, ಅದಕ್ಕೇ ಬೆಳಕು ಹರಿದ ಮೇಲೆಯೇ. ಶಿಡ್ಲಘಟ್ಟ ದಾಟಿದ ಮೇಲೆ ಎರಡೂ ಕಡೆ ಹಿಪ್ಪುನೇರಳೆ ತೋಟ. ಕೆರೆ ಏರಿ ಹತ್ತುವಾಗ ಬೇಕಂತಲೇ ಒಂದು ಗೇರು ಇಳಿಸಿ ಸ್ವಲ್ಪ ಜಾಸ್ತಿ ಸದ್ದು ಮಾಡಿದೆ.

ಮಾವ ಜಗಲಿಯ ಮೇಲೆ ಕೂತಿದ್ದರು. ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಗಾಡಿ ನಿಲ್ಲಿಸಿದೆ, ಇಂಜಿನ್ ಆರಿಸಲಿಲ್ಲ. ತಲೆ ವಾಲಿಸಿಕೊಂಡು ಸ್ವಲ್ಪ ಹೊತ್ತು ಕೇಳಿದರು.

"ಕಿಕ್ ಹೊಡೆದ್ರೆ ಕಾಲಿಗೆ ವಾಪಸ್ ಒದೆಯುತ್ತೇನೋ?"

ಒದೆಯುತ್ತಿತ್ತು. ಮೊಣಕಾಲ ಕೆಳಗೆ ನೀಲಿಗಟ್ಟಿದ್ದನ್ನು ಯಾರಿಗೂ ತೋರಿಸಿರಲಿಲ್ಲ.

"ಕಿಡಿ ಬೇಗ ಬರ್ತಿದೆ, ಟೈಮಿಂಗ್ ಮುಂದೆ ಇಟ್ಟಿದ್ದೀಯ ಕಣೋ. ಒಂದು ಕೂದಲಷ್ಟು ಹಿಂದಕ್ಕೆ ತಗೋ," ಅಂದರು. ಆಮೇಲೆ ಒಳಗೆ ತಿರುಗಿ ಅತ್ತೆಗೆ ಮುದ್ದೆಗೆ ಎಸರಿಡಲು ಹೇಳಿದರು.

ಊಟಕ್ಕೆ ಮೊದಲೇ ಬಲಗಡೆಯ ಕವರ್ ಬಿಚ್ಚಿದೆ. ಮಾವನ ಜೇಬಿನಲ್ಲಿ ಸಿಗರೇಟ್ ಪ್ಯಾಕ್ ಇತ್ತು.